100 ಮೀಟರ್ ಓಡೋ ಹುಡುಗ್ರು ರಗ್ಬಿ ಲೀಗ್ ವಿಂಗರ್ ಆಗೂದು ಹೆಂಗ

ಬೆಳಗಾವಿ, ವಿಜಯಪುರ ಕಡೆ ಸ್ಕೂಲ್ ಮೀಟ್‌ನಾಗ ಮೆಡಲ್ ಹೊಡೆಯೋ ಹುಡುಗ್ರಿಗೆ ಇದು ಬರದದ್ದು. ರಗ್ಬಿ ಲೀಗ್ ಅಂದ್ರ ಬಾಲ್ ಕೈಯಾಗ ಹಿಡ್ದು ಓಡೋ, ಎದುರಿನವ್ರು ಹಿಡ್ದು ಕೆಡವೋ (ಟ್ಯಾಕಲ್) ಆಟ, ವಿಂಗರ್ ಅಂದ್ರ ಮೈದಾನದ ಅಂಚಿಗೆ ಓಡೋ ಆಟಗಾರ. ಮದಲ ಕೆನ್ ಇರ್ವಿನ್ ಕಥಿ ಓದ್ಕೊಳ್ರಿ, ಆಸ್ಟ್ರೇಲಿಯಾದವ, ನಾರ್ತ್ ಸಿಡ್ನಿ ಆಮ್ಯಾಲ ಮ್ಯಾನ್ಲಿ ಟೀಮಿಗೆ ಆಡಿ 212 ಟ್ರೈ (ಎದುರಿನವ್ರ ಗೋಲ್ ಗೆರಿ ಆಚೆ ಬಾಲ್ ನೆಲಕ್ಕ ಒತ್ತೂದು) ಹೊಡದ, 1963ರಾಗ ಡಬ್ಬೋ ಊರಾಗ 100 ಗಜ 9.3 ಸೆಕೆಂಡ್‌ನಾಗ ಓಡಿದ್ದ!

ಬ್ಲಾಕ್ ಸ್ಟಾರ್ಟ್ ಬಿಡ್ರಿ, ಮ್ಯಾಚ್‌ನಾಗ ಯಾರೂ ಬ್ಲಾಕ್ ಇಡಂಗಿಲ್ಲ. ನಿಂತಲ್ಲೇ, ಹಿಂದಕ್ ತಿರುಗಿ, ನೆಲದಿಂದ ಎದ್ದು 20 ಮೀಟರ್ ಓಡ್ರಿ, ಪ್ರತಿ ಓಟಕ್ಕ ಪೂರ್ತಿ ದಮ್ ತಗೊಂಡ ಮ್ಯಾಲೇನ ಮುಂದಿಂದು, ಇಲ್ಲಾಂದ್ರ ಸ್ಪೀಡ್ ಅಲ್ಲ ಬರೇ ಸುಸ್ತು ಬೆಳೀತೈತಿ.

ಬಾಲ್ ಯಾವಾಗ್ಲೂ ಟಚ್‌ಲೈನ್ (ಮೈದಾನದ ಬಾಜೂ ಗೆರಿ) ಕಡಿ ಕೈಯಾಗ ಹಿಡೀರಿ, ಒಳಗಿನ ಕೈ ಎದುರಿನವನ್ನ ತಳ್ಳಾಕ ಬೇಕು. ಪಾಸ್ ಮುಂದಕ್ ಕೊಡಾಕ ಬರಂಗಿಲ್ಲ, ಹಂಗಾಗಿ ಪಾಸರ್‌ನ ಹಿಂದಿಂದ ಫುಲ್ ಸ್ಪೀಡ್‌ನಾಗ ಬಂದು ಹಿಡಿಯೂದನ್ನ ರೂಢಿ ಮಾಡ್ಕೊಳ್ರಿ, ಖರೇ ಹೇಳ್ಬೇಕಂದ್ರ ಸ್ಪ್ರಿಂಟರ್‌ಗೆ ಎಲ್ಲಕ್ಕಿಂತ ಕಷ್ಟ ಇದ, ಕಾಲು ಓಡ್ತಾವು ಕೈ ಮರೀತಾವು. ಆರು ಟ್ಯಾಕಲ್ ಆದ್ರ ಬಾಲ್ ಇನ್ನೊಂದು ಟೀಮಿಗೆ ಹೋಗ್ತೈತಿ, ಅದಕ್ಕ ಆರನೇ ಟ್ಯಾಕಲ್ ಹತ್ರ ಬಂದಾಗ ಎದುರಿನವ್ರು ಕಿಕ್ ಹೊಡೀತಾರ, ಎತ್ತರದ ಬಾಲ್ ಹಿಡಿಯೂದೂ ಕಲೀರಿ.

ಟ್ಯಾಕಲ್‌ಗೆ ನಮ್ಮ ಕಬಡ್ಡಿ ಹುಡುಗ್ರನ್ನ ಕರೀರಿ, ತೊಡಿ ಹಿಡಿಯೂದು ಅವ್ರಿಗೆ ರಕ್ತದಾಗ ಐತಿ, ಆದ್ರ ತಲಿ ಮಾತ್ರ ಓಡಿ ಬರೋವನ ಮುಂದ ಅಡ್ಡ ಇಡಬ್ಯಾಡ್ರಿ, ಬಾಜುಕ ಇಡ್ರಿ.

ಬೆಳಗಾವಿ ಮಳಿಯಾಗ ಕೆಂಪು ಮಣ್ಣು ಜಾರ್ತೈತಿ, ಟ್ರ್ಯಾಕ್ ಸ್ಪೈಕ್ ಬ್ಯಾಡ, ಸ್ಟಡ್ ಇರೋ ಫುಟ್‌ಬಾಲ್ ಬೂಟ್ ಸಾಕು. ವಿಜಯಪುರದ ಎರಿ ಮಣ್ಣು ಬ್ಯಾಸಗ್ಯಾಗ ಬಿರಿತೈತಿ, ಅಲ್ಲಿ ಬಿದ್ದು ಪ್ರಾಕ್ಟೀಸ್ ಮಾಡ್ಬ್ಯಾಡ್ರಿ, ಹುಲ್ಲಿದ್ದ ಕಡೆ ಹೋಗ್ರಿ.