ಈ ಹಾದಿಗೆ ದಿನಕ್ಕೆ ಎಷ್ಟು ಮಂದಿ? ಧಾರಣಾ ಸಾಮರ್ಥ್ಯ ಕಲಿಸುವ ಬಗೆ

2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಮುಗಿಬಿದ್ದರು. ಆಮೇಲೆ ಅರಣ್ಯ ಇಲಾಖೆ ಚಾರಣದ ಹಾದಿಗಳಿಗೆ ಆನ್‌ಲೈನ್ ಬುಕಿಂಗ್ ತಂದು ದಿನಕ್ಕೆ 300 ಮಂದಿಯ ಮಿತಿ ಹಾಕಿತು. ಪ್ರವಾಸೋದ್ಯಮ ಓದುವವರಿಂದ ಸುಸ್ಥಿರತೆಯ ವ್ಯಾಖ್ಯೆ ಬರೆಸುವ ಬದಲು ಇಂಥ ಮಿತಿಯ, ಅಂದರೆ ಹಾದಿ ಕೆಡದಂತೆ ದಿನಕ್ಕೆ ಎಷ್ಟು ಮಂದಿಯನ್ನು ತಾಳಬಲ್ಲದು ಎಂಬ ಧಾರಣಾ ಸಾಮರ್ಥ್ಯದ ಲೆಕ್ಕ ಮಾಡಿಸಿ. ಎರಡು ತರಗತಿ, ಒಂದು ದಿನದ ಹೊರಸಂಚಾರ ಸಾಕು.

ವಲಯ ಅರಣ್ಯಾಧಿಕಾರಿಯ ಅನುಮತಿ ಮೊದಲೇ ಪಡೆಯಿರಿ. ಮಳೆ ನಿಂತ ಹೊಸತರಲ್ಲಿ ಹೋದರೆ ನೀರು ಕೊರೆದ ಜಾಗಗಳು ಚೆನ್ನಾಗಿ ಕಾಣುತ್ತವೆ. ನಾಲ್ವರ ತಂಡ, 50 ಮೀಟರ್ ಹಗ್ಗ, ಟೇಪು, ದಾರದುಂಡೆ. ಪ್ರತಿ 100 ಮೀಟರಿಗೆ ಹಾದಿಯ ಅಗಲ ಅಳೆದು, ಅಂಚಿನಿಂದ ಅಂಚಿಗೆ ದಾರ ಬಿಗಿದು, ದಾರದಿಂದ ನೆಲದ ಅತಿ ತಗ್ಗಿನವರೆಗಿನ ಆಳ ಬರೆದುಕೊಳ್ಳಬೇಕು. ಬೇರು ಮೇಲೆದ್ದಿದ್ದರೆ, ಕೆಸರು ತಪ್ಪಿಸಲು ಜನ ಪಕ್ಕದಲ್ಲೇ ಇನ್ನೊಂದು ಹಾದಿ ತುಳಿದಿದ್ದರೆ ಅಷ್ಟು ಉದ್ದವನ್ನು ಸವಕಳಿಗೆ ಸೇರಿಸಿ. ದಟ್ಟ ಮರಗಳ ಕೆಳಗೆ ಮೊಬೈಲಿನ ಜಿಪಿಎಸ್ ತಪ್ಪುತ್ತದೆ, ಹಗ್ಗವನ್ನೇ ನಂಬಿ.

ಇನ್ನು ಲೆಕ್ಕ. ಉದಾಹರಣೆಗೆ 5 ಕಿ.ಮೀ. ಹಾದಿ, ಹತ್ತು ಜನರ ಗುಂಪು, ಒಬ್ಬರಿಗೆ 1 ಮೀಟರ್, ಗುಂಪುಗಳ ನಡುವೆ 100 ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಒಂದು ಗುಂಪಿಗೆ 110 ಮೀಟರ್ ಬೇಕು. 45 ಗುಂಪು, ಅಂದರೆ 450 ಮಂದಿ ಹಿಡಿಯುತ್ತಾರೆ. ಹಾದಿ 10 ಗಂಟೆ ತೆರೆದಿದ್ದು, ಹೋಗಿಬರಲು 8 ಗಂಟೆ ಹಿಡಿದರೆ 1.25ರಿಂದ (10 ÷ 8) ಗುಣಿಸಿ: 562. ಸವಕಳಿ 800 ಮೀಟರ್ ಇದ್ದರೆ ಕೆಡದೆ ಉಳಿದ ಪಾಲಾದ 0.84ರಿಂದ (4200 ÷ 5000) ಗುಣಿಸಿ: 472. ಹತ್ತು ಕಾವಲು ಸಿಬ್ಬಂದಿ ಬೇಕಾದಲ್ಲಿ ನಾಲ್ವರೇ ಇದ್ದರೆ 0.4ರಿಂದ: 189.

ವಿದ್ಯಾರ್ಥಿಗಳು ಎಡವುವುದು ಮಳೆಯ ವಿಷಯದಲ್ಲಿ. ಮೂರು ತಿಂಗಳು ಹಾದಿ ಮುಚ್ಚಿರುತ್ತದೆಂದು 0.75ರಿಂದಲೂ ಗುಣಿಸಿಬಿಡುತ್ತಾರೆ. ಅದು ವರ್ಷದ ಒಟ್ಟು ಲೆಕ್ಕಕ್ಕೆ ಸರಿ. ತೆರೆದ ದಿನದ ಮಿತಿಯನ್ನು ಅದು ಕಡಿಮೆ ಮಾಡುವುದಿಲ್ಲ.

ಈಗ ಗುಂಪುಗಳ ಅಂತರವೊಂದನ್ನೇ 50 ಮೀಟರಿಗೆ ಇಳಿಸಲು ಹೇಳಿ. 189 ಇದ್ದದ್ದು 348 ಆಗುತ್ತದೆ! ನೆಲ ಅದೇ, ಸವಕಳಿ ಅದೇ. ಪಾಠದ ತಿರುಳು ಇಲ್ಲಿದೆ: ಆ 50 ಮೀಟರನ್ನು ಯಾವ ಹಗ್ಗವೂ ಅಳೆದು ಕೊಟ್ಟಿಲ್ಲ, ಯಾರೋ ತೀರ್ಮಾನಿಸಿದ್ದು. ಎರಡನೇ ತರಗತಿಯಲ್ಲಿ ಒಂದು ತಂಡ ಹೋಂಸ್ಟೇ ಮಾಲೀಕರ ಪರ, ಇನ್ನೊಂದು ಅರಣ್ಯ ಸಿಬ್ಬಂದಿಯ ಪರ ನಿಂತು ಆ ಅಂತರಕ್ಕೆ ವಾದಿಸಲಿ. ಅಂಕವನ್ನು ಅಂತಿಮ ಸಂಖ್ಯೆಗೆ ಕೊಡಬೇಡಿ, ಪ್ರತಿ ಅಂಶಕ್ಕೆ ಬರೆದ ಸಮರ್ಥನೆಗೆ ಕೊಡಿ.