ಎಚ್‌ಎಸ್-ಸಿಆರ್‌ಪಿ ವರದಿಯನ್ನು ಓದುವುದು ಹೇಗೆ?

ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆಯಿಂದ ಹೃದಯ ತಪಾಸಣೆಗೆಂದು ಮಂಗಳೂರಿಗೆ ಹೋಗಿ ಬರುವವರು ತರುವ ವರದಿಗಳಲ್ಲಿ ಕೊಲೆಸ್ಟರಾಲಿನ ಸಾಲು ಎಲ್ಲರಿಗೂ ಪರಿಚಿತ. ಎಚ್‌ಎಸ್-ಸಿಆರ್‌ಪಿ ಎಂಬ ಸಾಲಿನೆದುರು ಅಂಕಿ ದಪ್ಪಕ್ಷರದಲ್ಲಿದ್ದರೆ ಮಾತ್ರ ಮನೆಯವರಿಗೆಲ್ಲ ಗಾಬರಿ. ದೇಹದಲ್ಲಿ ಎಲ್ಲಿ ಉರಿಯೂತವಾದರೂ ಯಕೃತ್ತು ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತದೆ. ಅಪಧಮನಿಯ ಗೋಡೆಯಲ್ಲಿ ಕೊಬ್ಬು ಸೇರಿದಾಗಲೂ ಅಲ್ಲಿ ಸಣ್ಣ ಮಟ್ಟದ ಉರಿಯೂತ ವರ್ಷಗಟ್ಟಲೆ ಇರುವುದರಿಂದ ಈ ಪರೀಕ್ಷೆಗೆ ಬೆಲೆ ಬಂದಿದೆ.

ಮೊದಲು ಪರೀಕ್ಷೆಯ ಹೆಸರನ್ನು ನೋಡಬೇಕು. ಜ್ವರಕ್ಕೆ ಮಾಡಿಸುವ ಸಾಮಾನ್ಯ ಸಿಆರ್‌ಪಿ ಸಣ್ಣ ಏರಿಳಿತಗಳನ್ನು ಸರಿಯಾಗಿ ಹಿಡಿಯದು. ಹೃದಯದ ಅಪಾಯವನ್ನು ಅಂದಾಜಿಸಲು ‘ಎಚ್‌ಎಸ್’ (ಹೈ ಸೆನ್ಸಿಟಿವಿಟಿ, ಅಂದರೆ ಸಣ್ಣ ಪ್ರಮಾಣವನ್ನೂ ಹಿಡಿಯುವಂಥದ್ದು) ಎಂದಿರುವುದೇ ಬೇಕು. ಅನಂತರ ಅಳತೆಯ ಮಾನವನ್ನು ಗಮನಿಸಿ. ಒಂದು ಡೆಸಿಲೀಟರಿಗೆ 0.3 ಮಿಲಿಗ್ರಾಂ ಎಂದರೂ ಲೀಟರಿಗೆ 3 ಮಿಲಿಗ್ರಾಂ ಎಂದರೂ ಒಂದೇ. ಎರಡು ಲ್ಯಾಬುಗಳ ವರದಿಗಳನ್ನು ಹೋಲಿಸುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಇನ್ನು ರಕ್ತ ಕೊಟ್ಟ ದಿನ. ಇದನ್ನೇ ನಾನು ಎಲ್ಲಕ್ಕಿಂತ ಮುಖ್ಯವೆನ್ನುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ಹೊತ್ತಿಗೆ ಕಾಲಿನ ಗಾಯ ಕೀವಾಗಿದ್ದರೆ, ಶೀತಜ್ವರವಿದ್ದರೆ, ವಸಡು ಊದಿಕೊಂಡಿದ್ದರೆ ಅಂಕಿ ಏರಿಯೇ ಏರುತ್ತದೆ, ಹೃದಯಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ. ಲೀಟರಿಗೆ 10 ಮಿಲಿಗ್ರಾಂ ಮೀರಿದ್ದರೆ ಸೋಂಕು ಅಥವಾ ಬೇರೆ ಉರಿಯೂತವಿದೆಯೇ ಎಂದು ಹುಡುಕಿ, ಗುಣವಾದ ಮೇಲೆ ಮತ್ತೆ ಪರೀಕ್ಷಿಸಬೇಕು. ಆರೋಗ್ಯವಾಗಿದ್ದಾಗ ಎರಡು ವಾರಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸರಾಸರಿ ತೆಗೆಯುವುದು ಒಳ್ಳೆಯ ಕ್ರಮ. ಇದೊಂದಕ್ಕೇ ಆದರೆ ಉಪವಾಸವಿರಬೇಕಾಗಿಲ್ಲ.

ಆ ಸರಾಸರಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3ರವರೆಗೆ ಮಧ್ಯಮ, 3ಕ್ಕಿಂತ ಮೇಲಾದರೆ ಹೆಚ್ಚು ಎಂದು ಲೆಕ್ಕ. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಇವುಗಳ ಜೊತೆಗಿಟ್ಟು ನೋಡಿದರೆ ಮಾತ್ರ ಇದಕ್ಕೆ ಅರ್ಥ. ಸಿಆರ್‌ಪಿ ಹೊಗೆಯಿದ್ದಂತೆ, ಬೆಂಕಿಯಲ್ಲ. ಸಿಆರ್‌ಪಿಯೇ ರಕ್ತನಾಳವನ್ನು ಕೆಡಿಸುತ್ತದೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಉರಿಯೂತದ ಪಾತ್ರವಾದರೋ ನಿಜ: 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗದಲ್ಲಿ, ಹಿಂದೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ಪೈಕಿ ಉರಿಯೂತವನ್ನು ತಗ್ಗಿಸುವ ಕೆನಾಕಿನುಮ್ಯಾಬ್ ಚುಚ್ಚುಮದ್ದಿನ 150 ಮಿಲಿಗ್ರಾಂ ಪ್ರಮಾಣವನ್ನು ಪಡೆದವರಲ್ಲಿ, ಎಲ್‌ಡಿಎಲ್ ಇಳಿಯದೆಯೇ, ಹೃದಯಾಘಾತವೇ ಮೊದಲಾದ ಘಟನೆಗಳು ಶೇ 15ರಷ್ಟು ಕಡಿಮೆಯಾದವು. ಪ್ರಾಣಾಂತಿಕ ಸೋಂಕುಗಳು ಮಾತ್ರ ಹೆಚ್ಚಿದವು.

ವೈದ್ಯರ ಬಳಿಗೆ ಹೋಗುವಾಗ ಹಳೆಯ ವರದಿಗಳನ್ನೂ ಒಯ್ಯಿರಿ, ರಕ್ತ ಕೊಟ್ಟ ವಾರ ಜ್ವರವೋ ಹಲ್ಲುನೋವೋ ಇದ್ದಿದ್ದರೆ ಅದನ್ನು ವರದಿಯ ಮೂಲೆಯಲ್ಲಿ ಬರೆದಿಡಿ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೇ ಬೇಡವೇ ಎಂದು ಅವರು ನಿರ್ಧರಿಸುವಾಗ ಆ ಒಂದು ಸಾಲು ಉಪಯೋಗಕ್ಕೆ ಬರುತ್ತದೆ.