ಬೆಟ್ಟ ತಗ್ಗಿತು, ಬಯಲು ಉಬ್ಬಿತು

ಗೋಡೆಗೆ ತೂಗುಹಾಕುವ, ನಡುವೆ ಹತ್ತಿ ಇಟ್ಟು ಕೌದಿಯ ಹಾಗೆ ಹೊಲಿಯುವ ಕ್ವಿಲ್ಟ್‌ಗೆ ನಾನು ಆರಿಸಿದ್ದು ಬೆಟ್ಟ, ನದಿ ತೋರಿಸುವ 1:50,000 ಅಳತೆಯ ನಕ್ಷೆ. ಅದರಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳು ಅದರ ತುಂಬ ಇರುತ್ತವೆ. ಸಮೋನ್ನತಿ ರೇಖೆ ಅಂತ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಗೆರೆಗಳು ಒತ್ತೊತ್ತಾಗಿದ್ದರೆ ಏರು ಕಡಿದು, ದೂರ ದೂರ ಇದ್ದರೆ ಇಳಿಜಾರು ಕಡಿಮೆ. ಆ ಗೆರೆಗಳನ್ನೇ ಹೊಲಿಗೆ ಮಾಡಬೇಕು ಅನ್ನುವುದು ನನ್ನ ಆಸೆ.

ನಕ್ಷೆಯ ಮೇಲೆ ಚೌಕಗಳನ್ನು ಎಳೆದು, 5 ಪಟ್ಟು ದೊಡ್ಡದು ಮಾಡಿ ಕಾಗದಕ್ಕೆ ಇಳಿಸಿದೆ. ರಸ್ತೆ, ಊರಿನ ಹೆಸರು ಎಲ್ಲ ಬಿಟ್ಟೆ. ಒಂದು ಬೆಟ್ಟ, ಒಂದು ನದಿ, ಒಂದಿಷ್ಟು ಬಯಲು ಸಾಕಿತ್ತು.

ನದಿಗೆ ನೀಲಿ ಬಟ್ಟೆಯ ಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿಕೊಂಡೆ. ನೇರವಾಗಿ ಕತ್ತರಿಸಿದ ಪಟ್ಟಿ ತಿರುವಿನಲ್ಲಿ ಮುದುರುತ್ತದೆ, ಓರೆ ಪಟ್ಟಿ ಹೇಳಿದ ಹಾಗೆ ಬಗ್ಗುತ್ತದೆ. ತಿರುವಿನ ಒಳಬದಿಯನ್ನು ಮೊದಲು ಹೊಲಿದು, ಆಮೇಲೆ ಹೊರಬದಿ ಹೊಲಿಯಬೇಕು.

ಮೇಲಿನ ಬಟ್ಟೆ, ನಡುವೆ ಹತ್ತಿಯ ಪದರ, ಕೆಳಗಿನ ಬಟ್ಟೆ ಮೂರನ್ನೂ ಸೇರಿಸಿ ಕಚ್ಚಾ ಹೊಲಿಗೆ ಹಾಕಿ, ಗೆರೆಗಳ ಮೇಲೆ ಹೊಲಿಯುತ್ತಾ ಹೋದೆ. ಬೆಟ್ಟ ಮುಗಿಸಿ ನೋಡಿದರೆ ಎಲ್ಲ ತಿರುಗುಮುರುಗು! ಹೊಲಿಗೆ ಒತ್ತಾದಷ್ಟೂ ಹತ್ತಿ ಅಮುಕಿ ಆ ಜಾಗ ಚಪ್ಪಟೆಯಾಗುತ್ತದೆ. ಬೆಟ್ಟ ತಗ್ಗಾಗಿ, ಹೊಲಿಗೆ ಇಲ್ಲದ ಬಯಲು ದಿಂಬಿನ ಹಾಗೆ ಉಬ್ಬಿತ್ತು. ಬೇಜಾರಾಯಿತು. ಆದರೂ ಒಂದೊಂದೇ ಹೊಲಿಗೆ ಬಿಚ್ಚಿದೆ.

ಎರಡನೇ ಸಲ ಬೆಟ್ಟದ ಆಕಾರಕ್ಕೆ ಹತ್ತಿಯ ಪದರ ಕತ್ತರಿಸಿ, ದೊಡ್ಡದರ ಮೇಲೆ ಚಿಕ್ಕದು ಬರುವಂತೆ ಮೂರು ಸುತ್ತು ಜಾಸ್ತಿ ಇಟ್ಟೆ. ಗೆರೆಗಳಲ್ಲಿ ಒಂದು ಬಿಟ್ಟು ಒಂದನ್ನು ಮಾತ್ರ ಹೊಲಿದೆ. ಬಯಲನ್ನು ಅಮುಕಲು ಉಳುಮೆಯ ಸಾಲಿನ ಹಾಗೆ ಅರ್ಧ ಸೆಂ.ಮೀ.ಗೊಂದು ನೇರ ಹೊಲಿಗೆ ಹಾಕಿದೆ. ನಿಜ ಹೇಳಬೇಕೆಂದರೆ ನಕ್ಷೆಯಲ್ಲಿ ಆ ಸಾಲುಗಳಿಲ್ಲ. ಆದರೆ ಕಣ್ಣಿಗೆ ಈಗಲೇ ಬಯಲು ಬಯಲಾಗಿ ಕಂಡಿತು.

ಒತ್ತು ಹೊಲಿಗೆ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ಹಾಗಾಗಿ ಅಂಚುಗಳು ಸೊಟ್ಟಗಾಗಿದ್ದವು. ಬಟ್ಟೆಗಳನ್ನು ಮೊದಲೇ ಒಗೆದು ಬಣ್ಣ ಬಿಡುವುದಿಲ್ಲ ಅಂತ ನೋಡಿಕೊಂಡಿದ್ದರಿಂದ, ಧೈರ್ಯವಾಗಿ ಒದ್ದೆ ಮಾಡಿ, ಎಳೆದು ಅಂಚುಗಳನ್ನು ನೇರ ಮಾಡಿ, ಪಿನ್ನು ಚುಚ್ಚಿ ಒಣಗಿಸಿದೆ. ಅಂಚು ಕತ್ತರಿಸಿ ಪಟ್ಟಿ ಕಟ್ಟಿದ್ದು ಅದಾದ ಮೇಲೆ.

ನನಗೆ ಜಾಸ್ತಿ ಇಷ್ಟವಾಗಿರುವುದು ಅದರ ಹಿಂಬದಿ. ಅಲ್ಲಿ ನದಿ ಇಲ್ಲ, ಬಣ್ಣವೂ ಇಲ್ಲ, ಬಿಳಿ ಬಟ್ಟೆಯ ಮೇಲೆ ಬರೀ ಹೊಲಿಗೆ. ಬೆಳಕು ಬದಿಯಿಂದ ಬಿದ್ದರೆ ಅದೇ ಬೆಟ್ಟ, ಎಡಬಲ ಅದಲುಬದಲಾಗಿ, ಎದ್ದು ಕಾಣುತ್ತದೆ.